ಗೋಡೆಯ ಮೇಲಿನ ಗೆರೆ

ನನ್ನ ಓದುವ ಮೇಜಿನ ಎದುರಿನ ಗೋಡೆಗೆ ಒಂದು ಹಳೆಯ ಗ್ರಾಫ್ ಅಂಟಿಸಿಕೊಂಡಿದ್ದೇನೆ. ವಸಾಹತು ಕಾಲದ ವೈದ್ಯಕೀಯದ ಮೇಲೆ ಪಿಎಚ್.ಡಿ. ಮಾಡಲು ಹೊರಟ ಹೊಸತರಲ್ಲಿ ಸಿಕ್ಕಿದ್ದು. 1910ರಲ್ಲಿ ರೊನಾಲ್ಡ್ ರಾಸ್ ಮತ್ತು ಡೇವಿಡ್ ಥಾಮ್ಸನ್ ಪ್ರಕಟಿಸಿದ್ದು. ಹೌದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಗುಟ್ಟು ಕಂಡ ಅದೇ ರಾಸ್. ಆಫ್ರಿಕಾದ ರೊಡೇಷಿಯಾದಲ್ಲಿ ನಿದ್ರಾರೋಗ ತಗುಲಿ ಲಿವರ್‌ಪೂಲಿಗೆ ಬಂದ ಒಬ್ಬ ರೋಗಿಯ ರಕ್ತದಲ್ಲಿ ಎಷ್ಟು ಟ್ರಿಪನೊಸೋಮಗಳಿವೆ ಎಂದು ಅವರು ದಿನದಿನವೂ ಎಣಿಸಿದರು. ಗೆರೆ ಏರುತ್ತದೆ, ದಿಢೀರನೆ ಕುಸಿಯುತ್ತದೆ, ಮತ್ತೆ ಏರುತ್ತದೆ. ಸುಮಾರು ಏಳೆಂಟು ದಿನಕ್ಕೊಂದು ಅಲೆ.

“ಇದು ವಿಜ್ಞಾನ ಆಯ್ತು, ಇದರಲ್ಲಿ ಚರಿತ್ರೆ ಎಲ್ಲಿದೆಯಪ್ಪಾ?” ಎಂದು ನನ್ನ ಮಾರ್ಗದರ್ಶಕರು ಕೇಳಿದ್ದರು. ಆಗ ಉತ್ತರ ಹೊಳೆಯಲಿಲ್ಲ.

ಆ ಅಲೆಗಳ ಹಿಂದಿನ ಕಾರಣ ಬಿಡಿಸಿಕೊಳ್ಳಲು ವಿಜ್ಞಾನಕ್ಕೆ ಅರವತ್ತು ವರ್ಷ ಬೇಕಾಯಿತು. ರಕ್ತದಲ್ಲಿರುವ ಟ್ರಿಪನೊಸೋಮದ ಮೈಮೇಲೆ ದಟ್ಟವಾದ ಹೊದಿಕೆಯಿರುವುದನ್ನು 1969ರಲ್ಲಿ ಕೀತ್ ವಿಕರ್‌ಮನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ವಿವರಿಸಿದರು. 1975ರಲ್ಲಿ ಜಾರ್ಜ್ ಕ್ರಾಸ್ ಆ ಹೊದಿಕೆಯ ಪ್ರೋಟೀನನ್ನು ಬೇರ್ಪಡಿಸಿ, ಅದು ಬಗೆಬಗೆಯಾಗಿರುತ್ತದೆ ಎಂದು ತೋರಿಸಿದರು.

ಒಂದು ಜೀವಿಯ ಮೈಮೇಲೆ ಒಂದೇ ಬಗೆಯ ಸುಮಾರು ಒಂದು ಕೋಟಿ ಪ್ರೋಟೀನು ಅಣುಗಳು ಒತ್ತೊತ್ತಾಗಿ ನಿಂತಿರುತ್ತವೆ. ನಮ್ಮ ದೇಹ ಆ ಅಂಗಿಯನ್ನು ಗುರುತಿಸಿ ಪ್ರತಿಕಾಯಗಳನ್ನು ತಯಾರಿಸುವಷ್ಟರಲ್ಲಿ ಕೆಲವೇ ಕೆಲವು ಜೀವಿಗಳು ಬೇರೆ ಅಂಗಿಗೆ ಬದಲಾಗಿರುತ್ತವೆ. ಹಳೆಯ ಅಂಗಿಯವು ಸಾಯುತ್ತವೆ, ಗೆರೆ ಇಳಿಯುತ್ತದೆ. ಹೊಸ ಅಂಗಿಯವು ಹೆಚ್ಚುತ್ತವೆ, ಗೆರೆ ಏರುತ್ತದೆ. ನಮ್ಮೂರಿಗೆ ಬರುತ್ತಿದ್ದ ಹಗಲುವೇಷದವರು ದಿನಕ್ಕೊಂದು ವೇಷ ಕಟ್ಟುತ್ತಿದ್ದುದು ನೆನಪಾಗುತ್ತದೆ. ಆದರೆ ಇಲ್ಲಿ ಯಾರೂ ಯೋಚಿಸಿ ವೇಷ ಕಟ್ಟುವುದಿಲ್ಲ. ಬದಲಾವಣೆ ಆಕಸ್ಮಿಕವಾಗಿ ನಡೆಯುತ್ತಲೇ ಇರುತ್ತದೆ. ಉಳಿದದ್ದು ಬೆಳೆಯುತ್ತದೆ, ಅಷ್ಟೇ. ಇಂಥ ಅಂಗಿಗಳ ಸಾವಿರಕ್ಕೂ ಹೆಚ್ಚು ವಂಶವಾಹಿಗಳು ಅದರೊಳಗಿವೆ. ಬಹುಪಾಲು ಅರೆಬರೆ. ಆದರೂ ಆ ತುಂಡುಗಳು ಕೌದಿಯಂತೆ ಜೋಡಿಸಿಕೊಂಡು ಹೊಸ ಅಂಗಿಯಾಗಬಲ್ಲವು. ಈ ರೋಗಕ್ಕೆ ಇವತ್ತಿಗೂ ಲಸಿಕೆ ಇಲ್ಲದಿರುವುದಕ್ಕೆ ದೊಡ್ಡ ಕಾರಣ ಇದೇ.

ಇಷ್ಟು ತಿಳಿದ ಮೇಲೆ ನಾನು ಉಗಾಂಡದ ಕಡತಗಳ ಕಡೆ ತಿರುಗಿದೆ. 1900ರಿಂದ ಸುಮಾರು ಇಪ್ಪತ್ತು ವರ್ಷ ವಿಕ್ಟೋರಿಯಾ ಸರೋವರದ ದಡದಲ್ಲಿ, ಮುಖ್ಯವಾಗಿ ಬುಸೋಗಾದಲ್ಲಿ, ನಿದ್ರಾರೋಗ ಊರೂರನ್ನೇ ತಿಂದಿತು. ತ್ಸೆ ತ್ಸೆ ನೊಣದಿಂದ ದೂರ ಇಡಲೆಂದು ಬ್ರಿಟಿಷ್ ಆಡಳಿತ ದಡದ ಜನರನ್ನು ಎಬ್ಬಿಸಿ ಒಳನಾಡಿಗೆ ಸಾಗಿಸಿತು. ಸತ್ತವರೆಷ್ಟು? ಪುಸ್ತಕಗಳು ಹೇಳುವುದು ಎರಡೂವರೆ ಲಕ್ಷ. ಅದೊಂದು ಅಂದಾಜು.

ನನ್ನನ್ನು ತಡೆದು ನಿಲ್ಲಿಸಿದ್ದು ಈ ಅಂಕಿ. ಲಿವರ್‌ಪೂಲಿನ ಹಾಸಿಗೆಯ ಮೇಲಿದ್ದ ಒಬ್ಬನ ರಕ್ತದ ಹನಿಯಲ್ಲಿ ಎಷ್ಟು ಪರಾವಲಂಬಿಗಳಿದ್ದವು ಎಂಬುದಕ್ಕೆ ದಿನವಹಿ ಲೆಕ್ಕ ಇದೆ. ಬುಸೋಗಾದಲ್ಲಿ ಎಷ್ಟು ಮನುಷ್ಯರಿದ್ದರು, ಎಷ್ಟು ಮಂದಿ ಹೋದರು ಎಂಬುದಕ್ಕೆ ಒಂದು ದುಂಡು ಸಂಖ್ಯೆ. ಅವರ ರಕ್ತದಲ್ಲೂ ಅದೇ ಅಲೆಗಳು ಎದ್ದು ಬಿದ್ದಿರಬೇಕು, ಗೆರೆ ಎಳೆಯುವವರಿರಲಿಲ್ಲ. ರಾಸ್ ಎಣಿಸಿದ್ದು ತಪ್ಪಲ್ಲ. ಆ ಎಣಿಕೆಯಿಲ್ಲದೆ ಮುಂದಿನ ಹಾದಿ ತೆರೆಯುತ್ತಿರಲಿಲ್ಲ. ಆದರೆ ಯಾರ ದೇಹ ಎಣಿಕೆಗೆ ಸಿಗುತ್ತದೆ, ಯಾರದ್ದು ಅಂದಾಜಿಗೆ ಬೀಳುತ್ತದೆ ಎನ್ನುವುದನ್ನು ಪರಾವಲಂಬಿ ತೀರ್ಮಾನಿಸಿದ್ದಲ್ಲ.

2018ರಲ್ಲಿ ಜಗತ್ತಿನಾದ್ಯಂತ ವರದಿಯಾದ ನಿದ್ರಾರೋಗದ ಪ್ರಕರಣಗಳು 977. ಹಳ್ಳಿಹಳ್ಳಿಗೆ ಹೋಗಿ ಒಬ್ಬೊಬ್ಬರ ರಕ್ತ ಪರೀಕ್ಷಿಸಿದ್ದರಿಂದ, ಚಿಕಿತ್ಸೆ ಕೊಟ್ಟದ್ದರಿಂದ, ನೊಣಗಳನ್ನು ಹಿಡಿದದ್ದರಿಂದ ರೋಗ ಇಷ್ಟು ಇಳಿದಿದೆ. ಇದು ದುಂಡು ಸಂಖ್ಯೆಯಲ್ಲ ಎಂಬುದೇ ನನಗೆ ಸಮಾಧಾನ.

ಮಾರ್ಗದರ್ಶಕರ ಪ್ರಶ್ನೆಗೆ ಉತ್ತರವಾಗಿ ಈಗ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ಗೋಡೆಯ ಮೇಲೆ ಗ್ರಾಫಿನ ಪಕ್ಕದಲ್ಲೇ ಬುಸೋಗಾದ ಒಂದು ಹಳೆಯ ನಕ್ಷೆಯನ್ನೂ ಅಂಟಿಸಿದ್ದೇನೆ.