ಜೀಪಿನ ಕುಲಗೋತ್ರ

ಘಟ್ಟದ ತಪ್ಪಲಿನ ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಹುಟ್ಟಿ, ಆಷಾಢದ ಕುಮಾರಧಾರೆಯನ್ನೂ ಪಯಸ್ವಿನಿಯನ್ನೂ ಕಂಡು, ಅಡಕೆತೋಟಕ್ಕಿಳಿಯುವ ಕೆಮ್ಮಣ್ಣಿನ ದಾರಿಯಲ್ಲಿ ಒಮ್ಮೆಯಾದರೂ ಜಾರಿಬಿದ್ದವನಿಗೆ, ಅಮೆರಿಕದ ಸೈನ್ಯಕ್ಕಾಗಿ ನಿರ್ಮಿತವಾದ ವಾಹನವೊಂದು ನಮ್ಮಲ್ಲಿ ಕೊಟ್ಟಿಗೆಯ ಎತ್ತಿನಂತೆ ಮನೆಯದಾಗಿ ಬಾಳಿದುದೇಕೆಂದು ವಿವರಿಸಬೇಕಾದುದಿಲ್ಲ. ಬಸ್ಸು ಹೋಗದ ಊರಿಗೆ ಜೀಪು ಹೋಗುತ್ತಿತ್ತು. ಬೆಳ್ಳಾರೆ, ಪಂಜ, ಗುತ್ತಿಗಾರು, ಕೊಲ್ಲಮೊಗ್ರುಗಳ ಕಡೆಗೆ ಓಡುತ್ತಿದ್ದ ಸರ್ವಿಸ್ ಜೀಪುಗಳಲ್ಲಿ, ಒಳಗೆ ಕುಳಿತವರಿಗಿಂತ ಹೊರಗೆ ನೇತುಬಿದ್ದವರೇ ಅಧಿಕವಾಗಿದ್ದು, ಚಾಲಕನು ಅರ್ಧ ಶರೀರವನ್ನು ಹೊರಕ್ಕೆ ಚಾಚಿಕೊಂಡೇ ಸ್ಟೀರಿಂಗು ತಿರುಗಿಸುತ್ತಿದ್ದುದನ್ನು ಕಂಡವರು ಇಂದಿಗೂ ಬಹುಮಂದಿಯಿದ್ದಾರೆ.

ನಮಗೆಲ್ಲ ಅದು ಬರಿಯ ಜೀಪು. ಗ್ಯಾರೇಜಿನ ಮೇಸ್ತ್ರಿಗೆ ಮಾತ್ರ ಅದರ ಕುಲಗೋತ್ರ ಬೇಕಾಗುತ್ತಿತ್ತು. ಅಮೆರಿಕದಲ್ಲಿ 1960ರ ದಶಕದಲ್ಲಿ ಹುಟ್ಟಿದ ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್ ಮೊದಲಾದ ಕಾರುಗಳನ್ನು ಆರಾಧಿಸುವವರು, ಇಂಜಿನ್ನಿನ ಎರಕದ ಮೇಲಿನ ಅಂಕಿಗಳನ್ನು ಭೂತಗನ್ನಡಿಯಿಂದ ಓದಿ, ಅದು ಕಾರ್ಖಾನೆಯಿಂದ ಕಾರಿನೊಡನೆಯೇ ಹೊರಟುದೋ, ಅನಂತರ ಬಂದು ಸೇರಿದುದೋ ಎಂದು ನಿರ್ಣಯಿಸುವುದುಂಟು. ಅಲ್ಲಿ ಆ ನಿರ್ಣಯದ ಮೇಲೆ ಬೆಲೆ ನಿಂತಿದೆ. ನಮ್ಮಲ್ಲಿ ಪ್ರಶ್ನೆ ಬೇರೆ: ಗುಜರಿಯಿಂದ ತಂದ ಈ ಭಾಗವು ಈ ಗಾಡಿಗೆ ಕೂರುವುದೋ ಇಲ್ಲವೋ?

ಈ ಪ್ರಶ್ನೆ ಏಳುವುದಕ್ಕೆ ಕಾರಣ, ಜೀಪಿಗೆ ಆದಿಯಿಂದಲೂ ಇಬ್ಬರು ತಂದೆಯರಿದ್ದುದು. 1941ರಲ್ಲಿ ವಿಲ್ಲಿಸ್ ಕಂಪೆನಿಯ ಮಾದರಿಯನ್ನು ಒಪ್ಪಿಕೊಂಡ ಅಮೆರಿಕದ ಸೈನ್ಯವು, ಒಂದೇ ಕಾರ್ಖಾನೆಯಿಂದ ಯುದ್ಧದ ಹಸಿವು ತಣಿಯದೆಂದು ಬಗೆದು, ಅದೇ ನಕ್ಷೆಯಂತೆ ತಯಾರಿಸಲು ಫೋರ್ಡ್ ಕಂಪೆನಿಗೂ ಅಪ್ಪಣೆಯಿತ್ತಿತು. ಯುದ್ಧ ಮುಗಿಯುವುದರೊಳಗೆ ಹೊರಬಂದ ಸುಮಾರು ಆರು ಲಕ್ಷ ನಲವತ್ತು ಸಾವಿರ ಜೀಪುಗಳಲ್ಲಿ ವಿಲ್ಲಿಸಿನ ಎಂಬಿ ಯಾವುದು, ಫೋರ್ಡಿನ ಜಿಪಿಡಬ್ಲ್ಯು ಯಾವುದು ಎಂಬುದು ಸೈನಿಕನಿಗೆ ತಿಳಿಯಬೇಕಾಗಿರಲಿಲ್ಲ. ಒಂದರ ಭಾಗ ಇನ್ನೊಂದಕ್ಕೆ ಹೊಂದಬೇಕೆಂಬುದೇ ಕಟ್ಟಳೆ. ಆದರೂ ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೆ, ಕೊಕ್ಕೆ ಪಟ್ಟಿಗಳ ಮೇಲೆ, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ‘ಎಫ್’ ಅಕ್ಷರವನ್ನು ಒತ್ತಿದರು. ಮನೆಯ ಪಾತ್ರೆಯ ಮೇಲೆ ಹೆಸರು ಕೊರೆಸುವ ನಮ್ಮ ಗೃಹಿಣಿಯರಿಗೆ ಈ ಮನೋಧರ್ಮ ಅಪರಿಚಿತವಲ್ಲ. ಸೀಮೆಎಣ್ಣೆಯಲ್ಲಿ ನೆನೆಸಿದ ಚಿಂದಿಯಿಂದ ಗ್ರೀಸು ಒರೆಸಿ ಹೆಬ್ಬೆರಳನ್ನಾಡಿಸಿದರೆ ಆ ಅಕ್ಷರದ ಉಬ್ಬುತಗ್ಗು ಕೈಗೆ ಸಿಗುತ್ತದೆ. ಇನ್ನೂ ಸುಲಭದ ಗುರುತು ಬೇಕಾದರೆ ರೇಡಿಯೇಟರಿನ ಕೆಳಗೆ ಬಗ್ಗಿ ನೋಡಬೇಕು: ಚಾಸಿಯ ಮುಂದಿನ ಅಡ್ಡಪಟ್ಟಿ ಉರುಟಾದ ಕೊಳವೆಯಾಗಿದ್ದರೆ ವಿಲ್ಲಿಸ್, ಮಗುಚಿದ ದೋಣಿಯಂತಿದ್ದರೆ ಫೋರ್ಡ್.

ಯುದ್ಧಾನಂತರ ವಿಲ್ಲಿಸ್ ಕಂಪೆನಿಯು ನಾಗರಿಕರಿಗಾಗಿ 1945ರಲ್ಲಿ ತಂದ ಸಿಜೆ-2ಎ ಮಾದರಿಯಲ್ಲಿ, ಮೋರೆಯ ಒಂಬತ್ತು ಸೀಳುಗಳು ಏಳಾದವು, ದೀಪಗಳು ದೊಡ್ಡವಾದವು, ಹಿಂದೆ ತೆರೆಯುವ ಬಾಗಿಲು ಬಂತು. ಅದೇ ವರ್ಷ ಲೂಧಿಯಾನದಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಿಂದ ಸ್ಥಾಪಿತವಾದ ಸಂಸ್ಥೆಯು 1947ರಲ್ಲಿ ಬೊಂಬಾಯಿಯಲ್ಲಿ ಜೀಪಿನ ಭಾಗಗಳನ್ನು ಜೋಡಿಸತೊಡಗಿತು. ಪಾಲುದಾರರಾದ ಗುಲಾಮ್ ಮೊಹಮ್ಮದರು ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಪ್ರಥಮ ಅರ್ಥಮಂತ್ರಿಯಾದರು, ಇಲ್ಲಿ ಉಳಿದುದು 1948ರಿಂದ ಮಹೀಂದ್ರ ಅಂಡ್ ಮಹೀಂದ್ರ ಎನಿಸಿಕೊಂಡಿತು. ನಮ್ಮ ಕಡೆ ‘ಪೆಟ್ರೋಲ್ ಜೀಪು’ ಎಂದೊಡನೆ ಕಣ್ಣಮುಂದೆ ನಿಲ್ಲುವ, ಬಾನೆಟ್ಟು ಎತ್ತರಿಸಿದ ಆಕೃತಿಯು ಅಮೆರಿಕದಲ್ಲಿ 1953ರಲ್ಲಿ ಹೊರಬಿದ್ದ ಸಿಜೆ-3ಬಿ. ಹೊಸ ಇಂಜಿನ್ನಿನ ಇನ್‌ಟೇಕ್ ವಾಲ್ವುಗಳು ಮೇಲೇರಿದುದರಿಂದ ಬಾನೆಟ್ಟೂ ಮೇಲೇರಬೇಕಾಯಿತು; ಚೆಲುವಿಗಾಗಿ ಮಾಡಿದುದಲ್ಲ, ಚೆಲುವಾಗಿಯೂ ಇಲ್ಲ. ಅಮೆರಿಕದವರು 1968ರಲ್ಲಿ ಅದನ್ನು ಕೈಬಿಟ್ಟರೂ ಬೊಂಬಾಯಿಯವರು ಬಿಡಲಿಲ್ಲ. ಆಮೇಲೆ ಬಂದ ಡೀಸೆಲ್ ಜೀಪುಗಳ ಕಥೆ ಬೇರೆಯೇ ಒಂದು ಪ್ರಬಂಧಕ್ಕಾದೀತು.

ಹೊರಗಿನ ಇವೆಲ್ಲ ಲಕ್ಷಣಗಳನ್ನು ಬಲ್ಲವನೂ ಮೋಸಹೋಗುವ ಸ್ಥಾನವೊಂದಿದೆ. ಅದು ಶಾಫ್ಟಿನ ತಿರುಗನ್ನು ಚಕ್ರಗಳಿಗೆ ದಾಟಿಸುವ, ಎಣ್ಣೆಯೊಳಗೆ ಮುಳುಗಿರುವ ಡಿಫರೆನ್ಶಿಯಲ್. ಯುದ್ಧಕಾಲದ ಜೀಪಿನಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರಕ್ಕೆ 8 ಹಲ್ಲು, ಕ್ರೌನ್ ಎಂಬ ದೊಡ್ಡದಕ್ಕೆ 39; ನಾಗರಿಕ ಪೆಟ್ರೋಲ್ ಜೀಪಿನಲ್ಲಿ ಪಿನಿಯನ್ನಿಗೆ ಅಷ್ಟೇ, ಕ್ರೌನಿಗೆ 43. ನನ್ನ ಸೋದರಮಾವ ಕೊಂಡ ಮಿಲಿಟರಿ ಜೀಪಿನ ಹಿಂದಿನ ಡಿಫರೆನ್ಶಿಯಲ್ ಹೌಸಿಂಗು ಅಡಕೆಮೂಟೆಯ ಭಾರಕ್ಕೆ ಮುರಿದಾಗ, ಯಾರೋ ಒಬ್ಬ ಮೇಸ್ತ್ರಿ ಬೇರೊಂದು ಜೀಪಿನದನ್ನು ಇಡಿಯಾಗಿ ತಂದು ಕೂರಿಸಿದ. ಬೋಲ್ಟುಗಳೆಲ್ಲ ಸರಿಯಾಗಿ ಕೂತವು. ಬೇಸಗೆಯುದ್ದಕ್ಕೂ ಗಾಡಿ ಚೆನ್ನಾಗಿಯೇ ಓಡಿತು. ಮೊದಲ ಮಳೆ ಬಿದ್ದು, ಏರಿನಲ್ಲಿ ಹಿಂದಿನ ಚಕ್ರ ಕೆಸರು ತೂರತೊಡಗಿದಾಗ ಮಾವ ಫೋರ್‌ವೀಲ್ ಹಾಕಿದರು. ಏರು ಹತ್ತಿಯೂ ಹತ್ತಿತು. ಮೇಲಿನ ಗಟ್ಟಿನೆಲಕ್ಕೆ ಬಂದದ್ದೇ ಮುಂದಿನ ಚಕ್ರವೊಂದು ದಾರಿ, ಹಿಂದಿನದೊಂದು ದಾರಿ ಎಂಬಂತೆ ಎಳೆದಾಡಿಕೊಂಡು, ಗಾಡಿ ನರಳಿ ನಿಂತಿತು. ಹಾಕಿದ ಗೇರನ್ನು ಕಳಚಲು ಇಬ್ಬರು ಜೋತುಬಿದ್ದರೂ ಅದು ಬಿಡಲಿಲ್ಲ.

ಸುಳ್ಯದಿಂದ ಬಂದ ಹಿರಿಯ ಮೇಸ್ತ್ರಿಯೊಬ್ಬರು ಹೌಸಿಂಗು ಬಿಚ್ಚಲೇ ಇಲ್ಲ. ಮೊದಲು ಒಂದು ಚಕ್ರಕ್ಕೆ ಜಾಕಿ ಕೊಟ್ಟು ಎತ್ತಿದೊಡನೆ, ಬಿಗಿದುಕೊಂಡಿದ್ದುದೆಲ್ಲ ಧಡಕ್ಕನೆ ಸಡಿಲಿ ಗೇರು ತಾನಾಗಿ ಕಳಚಿತು. ಎತ್ತಿದ ಚಕ್ರಕ್ಕೂ ಶಾಫ್ಟಿಗೂ ಬಳಪದಲ್ಲಿ ಒಂದೊಂದು ಗೆರೆ ಎಳೆದು, ಚಕ್ರವನ್ನು ಕೈಯಿಂದ ಮೆಲ್ಲನೆ ಎರಡು ಸುತ್ತು ತಿರುಗಿಸಿದರು. ಎತ್ತದ ಚಕ್ರ ನೆಲದಲ್ಲಿ ಅಲುಗದೆ ನಿಂತಿರುವುದರಿಂದ, ಎತ್ತಿದುದರ ಎರಡು ಸುತ್ತಿಗೆ ಒಳಗಿನ ಕ್ರೌನು ಒಂದೇ ಸುತ್ತು ಹೋಗುತ್ತದೆಂಬುದು ಅವರ ಲೆಕ್ಕ. ಮುಂದಿನ ಶಾಫ್ಟು ಐದು ಸುತ್ತಿಗೆ ತುಸು ಕಡಮೆಯಾಗಿ ನಿಂತಿತು. ಹಿಂದೆಯೂ ಹಾಗೆಯೇ ಮಾಡಿದಾಗ ಅಲ್ಲಿನ ಶಾಫ್ಟು ಐದನ್ನು ದಾಟಿ ಇನ್ನೂ ಮೂರನೆಯ ಒಂದಂಶಕ್ಕಿಂತ ಮುಂದೆ ಹೋಯಿತು. ‘ಎದುರಿನದ್ದು ಮಿಲಿಟರಿ, ಹಿಂದಿನದ್ದು ಬೊಂಬಾಯಿ. ಇವೆರಡು ಒಟ್ಟಿಗೆ ಸಂಸಾರ ಮಾಡ್ಲಿಕ್ಕುಂಟಾ ಮಾರಾಯ್ರೇ?’ ಎಂದು ಕೈ ಒರೆಸಿಕೊಂಡರು.

ಪುತ್ತೂರಿನ ಗುಜರಿಯೊಂದರಲ್ಲಿ 43 ಹಲ್ಲಿನ ಕ್ರೌನು ಪಿನಿಯನ್ನಿನ ಜೋಡಿ ದೊರೆತು ಮುಂದಿನ ಹೌಸಿಂಗಿಗೆ ಸೇರಿತು. ಮಾವನ ಜೀಪು ಮೋರೆಯಲ್ಲಿ ಒಂಬತ್ತು ಸೀಳು, ಹೊಟ್ಟೆಯಲ್ಲಿ ಬೊಂಬಾಯಿಯ ಹಲ್ಲು ಇಟ್ಟುಕೊಂಡು ಇನ್ನೂ ಅನೇಕ ಮಳೆಗಾಲ ಓಡಿತು. ಕಳಚಿದ 39 ಹಲ್ಲಿನ ಕ್ರೌನನ್ನು ಅತ್ತೆ ಗುಜರಿಗೆ ಕೊಡಲಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಕೆಗೆ ಹೊದೆಸುವ ಟಾರ್ಪಾಲು ಗಾಳಿಗೆ ಹಾರದಂತೆ, ಮೂಲೆಗೊಂದು ಕಲ್ಲಿನ ಸಾಲಿನಲ್ಲಿ ಅದೂ ಒಂದಾಗಿ ಕೂರುತ್ತಿತ್ತು.