ಗಾಜು ಊದುವವನ ಬೆಳಕು

ನಿಯಾನ್ ದೀಪದ ಕಥೆ ಹೇಳುವವರು ಸಾಮಾನ್ಯವಾಗಿ ವಿದ್ಯುತ್ತಿನಿಂದಲೋ ಅನಿಲದಿಂದಲೋ ಶುರುಮಾಡುತ್ತಾರೆ. ನನಗೆ ಗಾಜಿನಿಂದ ಶುರುಮಾಡುವುದೇ ನ್ಯಾಯವೆನಿಸುತ್ತದೆ. ಈ ಕಲೆಗೊಬ್ಬ ಮೂಲಪುರುಷನಿದ್ದರೆ ಅವನು ಜರ್ಮನಿಯ ಹೈನ್‌ರಿಷ್ ಗೈಸ್ಲರ್. ಬಾನ್ ನಗರದಲ್ಲಿ ವಿಜ್ಞಾನಿಗಳಿಗೆ ಗಾಜಿನ ಉಪಕರಣ ಮಾಡಿಕೊಡುತ್ತಿದ್ದ ಕಸುಬುದಾರ. 1857ರ ಹೊತ್ತಿಗೆ ಅವನು ಪಾದರಸದ ಪಂಪಿನಿಂದ ಗಾಜಿನ ಕೊಳವೆಯೊಳಗಿನ ಗಾಳಿಯನ್ನು ಬಹುಪಾಲು ಹೊರತೆಗೆದು, ತುದಿಗಳಿಗೆ ಲೋಹದ ತಂತಿ ಬೆಸೆದು ಮುಚ್ಚಿದ. ಹೆಚ್ಚು ವೋಲ್ಟೇಜಿನ ವಿದ್ಯುತ್ ಹಾಯಿಸಿದಾಗ ಒಳಗೆ ಉಳಿದಿದ್ದ ಅಷ್ಟಿಷ್ಟು ಅನಿಲ ಬೆಳಗಿತು. ಪ್ರೊಫೆಸರ್ ಪ್ಲ್ಯೂಕರ್ ಆ ಬೆಳಕಿನಲ್ಲಿ ಭೌತವಿಜ್ಞಾನವನ್ನು ಹುಡುಕಿದ. ಗಾಜು ಊದುವವರು ಅದೇ ಕೊಳವೆಯನ್ನು ಸುರುಳಿಯಾಗಿ, ಬಳ್ಳಿಯಾಗಿ ತಿರುಚಿದರು. ಪ್ರಯೋಗಕ್ಕೆ ಅಷ್ಟು ಸುರುಳಿ ಬೇಕಿರಲಿಲ್ಲ, ಕಣ್ಣಿಗೆ ಬೇಕಿತ್ತು. ಕಲೆ ಅಲ್ಲೇ ಹುಟ್ಟಿತೆಂದು ನನ್ನ ಎಣಿಕೆ. 1868ರಲ್ಲಿ ಬಾನ್ ವಿಶ್ವವಿದ್ಯಾಲಯ ಗೈಸ್ಲರನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಸುಬಿಗೆ ಅಂಥ ಮರ್ಯಾದೆ ಮುಂದೆ ದೊರೆತದ್ದು ಅಪರೂಪ.

ನಿಯಾನ್ ಸಿಕ್ಕಿದ್ದು 1898ರಲ್ಲಿ, ಲಂಡನ್ನಿನಲ್ಲಿ. ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ದ್ರವವಾಗಿಸಿದ ಗಾಳಿಯಿಂದ ಹೊಸ ಅನಿಲವೊಂದನ್ನು ಬೇರ್ಪಡಿಸಿ, ಕೊಳವೆಗೆ ತುಂಬಿ ವಿದ್ಯುತ್ ಹಾಯಿಸಿದರೆ ಕೆಂಡದಂಥ ಕೆಂಪು! ಗ್ರೀಕಿನಲ್ಲಿ 'ಹೊಸದು' ಎಂಬರ್ಥದ ಹೆಸರನ್ನೇ ಇಟ್ಟರು. ಇಬ್ಬರೂ ಸ್ವತಃ ಗಾಜು ಊದಬಲ್ಲವರು. ಈ ಟ್ರಾವರ್ಸ್ ನಮಗೆ ಪರಕೀಯನೂ ಅಲ್ಲ. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ನಿರ್ದೇಶಕನಾಗಿ 1906ರಲ್ಲಿ ಬಂದವನು ಇವನೇ.

ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನಿಯಾನ್ ಇರುವುದು ಸುಮಾರು 18 ಪಾಲು. ಫ್ರಾನ್ಸಿನ ಜಾರ್ಜ್ ಕ್ಲೋಡ್ ಆಮ್ಲಜನಕಕ್ಕಾಗಿ ಗಾಳಿಯನ್ನು ದ್ರವವಾಗಿಸುತ್ತಿದ್ದಾಗ ಅದು ಉಪ ಉತ್ಪನ್ನವಾಗಿ ಉಳಿಯುತ್ತಿತ್ತು. 1910ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಅವನು 12 ಮೀಟರು ಉದ್ದದ ಎರಡು ನಿಯಾನ್ ಕೊಳವೆಗಳನ್ನು ಬೆಳಗಿಸಿದ. ಬಳಿಕ ಅಂಗಡಿ, ಹೋಟೆಲು, ಸಿನಿಮಾ ಮಂದಿರಗಳ ಹಣೆಯ ಮೇಲೆಲ್ಲ ಅದೇ ಕೆಂಪು.

ಅರ್ಥವಾಗಲು ಹೊತ್ತು ಹಿಡಿಯುವವರನ್ನು ನಾವು 'ಟ್ಯೂಬ್‌ಲೈಟ್' ಎಂದು ಛೇಡಿಸುತ್ತೇವಲ್ಲ, ಈ ವಿಷಯದಲ್ಲಿ ಕಲಾಲೋಕವೂ ಟ್ಯೂಬ್‌ಲೈಟೇ. ಬ್ಯೂನಸ್ ಐರಿಸ್ಸಿನಲ್ಲಿ ಗ್ಯೂಲಾ ಕೊಸೀಸೆ ನಿಯಾನ್ ಕೊಳವೆಯಿಂದ ಕಲಾಕೃತಿ ಮಾಡಿದ್ದು 1946ರಲ್ಲಿ. 1951ರಲ್ಲಿ ಲೂಚಿಯೋ ಫೊಂಟಾನ ಮಿಲಾನಿನ ತ್ರೈವಾರ್ಷಿಕ ಪ್ರದರ್ಶನದ ಮೆಟ್ಟಿಲುಗಳ ಮೇಲೆ, ಗಾಳಿಯಲ್ಲಿ ಗೀಚಿದ ಗೆರೆಯಂತೆ ನಿಯಾನನ್ನು ತೂಗುಬಿಟ್ಟ. 1967ರಲ್ಲಿ ಬ್ರೂಸ್ ನೌಮನ್, ಹಿಂದೆ ದಿನಸಿ ಅಂಗಡಿಯಾಗಿದ್ದ ಸ್ಯಾನ್ ಫ್ರಾನ್ಸಿಸ್ಕೋದ ತನ್ನ ಸ್ಟುಡಿಯೋದ ಕಿಟಕಿಗೆ, ಕಲಾವಿದನ ಕೆಲಸವೇನು ಎಂಬ ಮಾತನ್ನು ಅಂಗಡಿಯ ಬೋರ್ಡಿನಂತೆಯೇ ನೇತುಹಾಕಿದ. 1981ರಲ್ಲಿ ಲಿಲಿ ಲ್ಯಾಕಿಚ್ ಮತ್ತು ರಿಚರ್ಡ್ ಜೆಂಕಿನ್ಸ್ ಲಾಸ್ ಏಂಜಲೀಸಿನಲ್ಲಿ ಈ ಕಲೆಗೆಂದೇ ಒಂದು ಮ್ಯೂಸಿಯಂ ತೆರೆದರು.

ಆದರೆ ಗಾಜು ಬಾಗಿಸಿದವರು ಯಾರು? ಅನೇಕ ವೇಳೆ ಕಲಾವಿದ ಕಾಗದದ ಮೇಲೆ ಗೆರೆ ಎಳೆದುಕೊಟ್ಟ. ಬಾಗಿಸಿದ್ದು ಬೋರ್ಡು ಮಾಡುವ ಕಾರ್ಖಾನೆಯ ಕೆಲಸಗಾರ. ಬೆಂಕಿಯಲ್ಲಿ ಗಾಜು ಮೇಣದಂತೆ ಮೆತ್ತಗಾದ ಗಳಿಗೆಯಲ್ಲೇ ಬಾಗಿಸಬೇಕು. ಬಾಗಿದಲ್ಲಿ ಕೊಳವೆ ಕುಸಿಯದಂತೆ ತುಟಿಯಲ್ಲಿ ಕಚ್ಚಿಕೊಂಡ ರಬ್ಬರ್ ನಳಿಕೆಯಿಂದ ಹದವಾಗಿ ಊದಬೇಕು. ಕೆಲವೇ ಸೆಕೆಂಡು ತಡವಾದರೆ ಗಾಜು ಬಿಗಿಯುತ್ತದೆ. ಈ ಹದ ಕೈಗೆ ಹತ್ತಲು ವರ್ಷಗಳೇ ಬೇಕು. ಕೃತಿಯ ಕೆಳಗಿನ ಚೀಟಿಯಲ್ಲಿ ಈ ಉಸಿರಿನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಇಂದು ಅಂಗಡಿಗಳಲ್ಲಿ 'ಎಲ್‌ಇಡಿ ನಿಯಾನ್' ಎಂಬ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ಅದರಲ್ಲಿ ನಿಯಾನೂ ಇಲ್ಲ, ಗಾಜೂ ಇಲ್ಲ. ಕರೆಂಟಿನ ಖರ್ಚು ಕಡಿಮೆ, ಒಡೆಯುವ ಭಯವಿಲ್ಲ; ವ್ಯಾಪಾರಿಯನ್ನು ದೂರಲಾರೆ. ನನ್ನ ಚಿಂತೆ ಬೇರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಫೊಂಟಾನನ ಗೆರೆಯಂಥದೊಂದು ನಾಳೆ ಮ್ಯೂಸಿಯಮ್ಮಿನಲ್ಲಿ ಒಡೆದರೆ, ಅದನ್ನು ಮತ್ತೆ ಬೆಳಗಿಸಲು ಉಸಿರು ಹಿಡಿದು ಗಾಜು ಬಾಗಿಸುವವನೇ ಬೇಕು. ಅನಿಲಕ್ಕೇನೂ ಬರವಿಲ್ಲ, ಗಾಳಿಯಲ್ಲಿದೆ. ಬರ ಬಂದಿರುವುದು ಆ ಕೈಗೆ. ಚೀಟಿಯಲ್ಲಿ ಅವನ ಹೆಸರನ್ನೂ ಬರೆಯತೊಡಗಿದರೆ, ಕಸುಬು ಕಲಿಯಲು ನಾಲ್ಕು ಹುಡುಗರಾದರೂ ಬಂದಾರು.