ಕಥೋಲಿಕ ಧರ್ಮಸಭೆಯಲ್ಲಿ ಕೀರ್ತನ ಪಾರಾಯಣ

ಯೆಹೂದ್ಯರ ದೇವಾಲಯದಲ್ಲಿ ಹಾಡಲ್ಪಡುತ್ತಿದ್ದ, ದಾವೀದ ಅರಸನ ಅಂಕಿತದಲ್ಲಿ ಪ್ರಸಿದ್ಧವಾಗಿದ್ದರೂ ಅನೇಕ ಶತಮಾನಗಳ ಅನೇಕ ಕವಿಗಳ ವಾಣಿಯನ್ನೊಳಗೊಂಡ 150 ಕೀರ್ತನೆಗಳು ಕ್ರೈಸ್ತರಿಗೆ ಪಿತ್ರಾರ್ಜಿತವಾಗಿ ಬಂದ ಸಂಪತ್ತು. ಶಿಲುಬೆಯ ಮೇಲೆ ಯೇಸುಸ್ವಾಮಿಯು ನುಡಿದ ಮಾತುಗಳಲ್ಲಿ ಎರಡು ಈ ಗ್ರಂಥದ 22ನೆಯ ಮತ್ತು 31ನೆಯ ಕೀರ್ತನೆಗಳವು. ಹೀಗಿರಲು ಅನುಯಾಯಿಗಳು ಬೇರೊಂದು ಪ್ರಾರ್ಥನಾಗ್ರಂಥವನ್ನು ಅರಸಿ ಹೋಗದಿದ್ದುದು ಸಹಜವೇ. ಆದರೆ ಎಷ್ಟು ಕೀರ್ತನೆಗಳನ್ನು, ಎಷ್ಟು ದಿನಗಳಲ್ಲಿ, ಯಾರು ಹಾಡಬೇಕು ಎಂಬ ಪ್ರಶ್ನೆ ಮಾತ್ರ ಇಂದಿಗೂ ಪೂರ್ತಿಯಾಗಿ ಇತ್ಯರ್ಥವಾಗಿಲ್ಲ.

ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ ಏಕಾಂತವಾಸಿಗಳಾಗಿದ್ದ ತಪಸ್ವಿಗಳು ಕೀರ್ತನೆಗಳನ್ನು ಕಂಠಸ್ಥ ಮಾಡಿಕೊಂಡು, ಕೈಯಲ್ಲಿ ಚಾಪೆ ಹೆಣೆಯುತ್ತಲೇ ಬಾಯಲ್ಲಿ ಅವನ್ನು ಉಚ್ಚರಿಸುತ್ತಿದ್ದರು. 70ನೆಯ ಕೀರ್ತನೆಯ ಆರಂಭದ ಮೊರೆಯೊಂದನ್ನೇ ಹಗಲಿರುಳು ಜಪಿಸುವ ಅವರ ಅಭ್ಯಾಸವನ್ನು ಜಾನ್ ಕ್ಯಾಸಿಯನ್ ಪಶ್ಚಿಮಕ್ಕೆ ತಿಳಿಸಿದರು. ಇದೇ ಕಾಲದಲ್ಲಿ ಅಲೆಕ್ಸಾಂಡ್ರಿಯದ ಸಂತ ಅಥನೇಸಿಯಸರು ಮಾರ್ಸೆಲಿನಸ್ ಎಂಬಾತನಿಗೆ ಬರೆದ ಪತ್ರವು ಈ ವಿಷಯದಲ್ಲಿ ಮೂಲಭೂತವಾದ ಕೃತಿ: ಇತರ ಗ್ರಂಥಗಳಲ್ಲಿ ಓದುಗನು ಪರರ ವೃತ್ತಾಂತವನ್ನು ಕೇಳಿದರೆ, ಕೀರ್ತನೆಗಳಲ್ಲಿ ತನ್ನ ಹೃದಯದ ಚಲನವಲನಗಳನ್ನೇ ಕಾಣುತ್ತಾನೆಂಬುದು ಅದರ ಸಾರ.

ಪಶ್ಚಿಮದಲ್ಲಿ ಜನಸಮೂಹದ ಗಾಯನಕ್ಕೆ ಚಾಲನೆ ಸಿಕ್ಕಿದ್ದು ಒಂದು ಸಂಕಟದಿಂದ. 386ರಲ್ಲಿ ಮಿಲಾನಿನ ದೇವಾಲಯವೊಂದನ್ನು ಆರಿಯಸ್ ಪಂಥದವರಿಗೆ ಬಿಟ್ಟುಕೊಡಬೇಕೆಂದು ರಾಜಮಾತೆ ಜಸ್ಟಿನಾ ಒತ್ತಾಯಿಸಿದಾಗ, ಬಿಷಪ್ ಅಂಬ್ರೋಸರೊಡನೆ ಒಳಗೆ ಕುಳಿತು ಕಾವಲು ಕಾಯುತ್ತಿದ್ದ ಜನರು ದುಃಖದಿಂದ ಕುಗ್ಗದಿರಲೆಂದು ಪೂರ್ವದೇಶದ ರೀತಿಯ ಗಾಯನವನ್ನು ಆರಂಭಿಸಲಾಯಿತೆಂದು ಸಂತ ಅಗಸ್ಟೀನರು ಬರೆದಿದ್ದಾರೆ. ಆ ಹಾಡಿಗೆ ಕಣ್ಣೀರು ಸುರಿಸಿದ ಅವರೇ ಮುಂದೆ ರಾಗದ ಮಾಧುರ್ಯವು ಅರ್ಥವನ್ನು ನುಂಗಿಬಿಟ್ಟೀತೆಂದು ಅಂಜಿದರು; ಅಥನೇಸಿಯಸರು ಮಾತಿಗೆ ಸಮೀಪವಾದ ಅತ್ಯಲ್ಪ ಏರಿಳಿತದಲ್ಲಿ ಕೀರ್ತನೆಯನ್ನು ಓದಿಸುತ್ತಿದ್ದರೆಂಬುದನ್ನು ನೆನೆದು, ಅದೇ ಕ್ಷೇಮವೇನೋ ಎಂದು ಹೊಯ್ದಾಡಿದರು. 430ರಲ್ಲಿ ವ್ಯಾಂಡಲರು ಹಿಪ್ಪೋ ನಗರವನ್ನು ಮುತ್ತಿದ್ದಾಗ ಮರಣಶಯ್ಯೆಯಲ್ಲಿದ್ದ ಅಗಸ್ಟೀನರು ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳಲ್ಲಿ ಬರೆಯಿಸಿ, ಮಲಗಿದಲ್ಲಿಂದಲೇ ಕಾಣುವಂತೆ ಗೋಡೆಗೆ ತೂಗಿಸಿ, ಓದುತ್ತ ಅಳುತ್ತ ಕೊನೆಯ ದಿನಗಳನ್ನು ಕಳೆದರೆಂದು ಅವರ ಚರಿತ್ರಕಾರ ಪೊಸಿಡಿಯಸ್ ಹೇಳುತ್ತಾರೆ. ಕೀರ್ತನೆಗಳ ಮೇಲೆ ಬೃಹತ್ತಾದ ವ್ಯಾಖ್ಯಾನವನ್ನೇ ರಚಿಸಿದ್ದ ಪಂಡಿತರಿಗೆ ಆಗ ಬೇಕಾದುದು ವ್ಯಾಖ್ಯಾನವಲ್ಲ, ಬರಿಯ ಪಾಠ.

ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ವಿಧಿಸಿದ ಕ್ರಮವನ್ನು ನಮ್ಮ ಭಾಗವತ ಸಪ್ತಾಹಕ್ಕೆ ಹೋಲಿಸಬಹುದು. ಭೇದವಿಷ್ಟೇ, ಇಲ್ಲಿ ಸಪ್ತಾಹವು ವರ್ಷವಿಡೀ ನಡೆಯುತ್ತದೆ. ನಡುರಾತ್ರಿ ಕಳೆದ ಮೇಲೆ ಎದ್ದು ಹನ್ನೆರಡು ಕೀರ್ತನೆಗಳು, ಹಗಲಿನಲ್ಲಿ ಏಳು ವೇಳೆಯ ಜಪ, 176 ಚರಣಗಳ 119ನೆಯ ಕೀರ್ತನೆಯನ್ನು ಭಾನುವಾರ ಸೋಮವಾರಗಳಿಗೆ ಹಂಚಿಕೆ. ಈ ವಿನ್ಯಾಸ ಒಪ್ಪಿಗೆಯಾಗದಿದ್ದರೆ ಬೇರೆ ರೀತಿ ಮಾಡಿಕೊಳ್ಳಲಿ, ಆದರೆ ವಾರಕ್ಕೆ 150 ಮುಗಿಯಲೇಬೇಕು, ಏಕೆಂದರೆ ಹಿರಿಯರು ಇದನ್ನು ಒಂದೇ ದಿನದಲ್ಲಿ ಮುಗಿಸುತ್ತಿದ್ದರು ಎಂದು ಅವರು ಮೆಲ್ಲನೆ ಚುಚ್ಚುತ್ತಾರೆ. ಅವರ ನಿಯಮಗ್ರಂಥದ ಮರು ಅಧ್ಯಾಯದಲ್ಲಿಯೇ ಮನಸ್ಸು ಕಂಠದೊಡನೆ ಹೊಂದಿಕೊಳ್ಳಬೇಕೆಂಬ ವಿಧಿಯಿದೆ. ಈ ಎರಡು ವಿಧಿಗಳನ್ನು ಒಟ್ಟಿಗೆ ಪಾಲಿಸುವ ಕಷ್ಟದಿಂದಲೇ ಮುಂದಿನ ಸುಧಾರಣೆಗಳೆಲ್ಲ ಹುಟ್ಟಿದುವೆಂದು ನನ್ನ ಭಾವನೆ. ಗಾಯನದ ರೀತಿಯಾದರೋ ಸರಳ. ಚರಣದ ಮೊದಲರ್ಧವನ್ನು ಒಂದೇ ಸ್ವರದಲ್ಲಿ ನಡೆಸಿ, ನಡುವೆ ಉಸಿರುನಿಲ್ಲಿಸಿ, ಎರಡನೆಯ ಅರ್ಧವನ್ನು ಕೆಳಗಿಳಿಸಿ ಮುಗಿಸಿದರೆ, ಎದುರು ಸಾಲಿನವರು ಮುಂದಿನ ಚರಣವನ್ನೆತ್ತಿಕೊಳ್ಳುತ್ತಾರೆ. ಪ್ರಾಸಕ್ಕಿಂತ ಮಿಗಿಲಾಗಿ ಅರ್ಥದ ಜೋಡಣೆಯನ್ನೇ ನೆಚ್ಚಿಕೊಂಡ ಕಾವ್ಯವಾದುದರಿಂದ ಕೀರ್ತನೆಗಳು ಹೀಬ್ರೂವಿನಿಂದ ಗ್ರೀಕಿಗೂ ಲ್ಯಾಟಿನ್ನಿಗೂ ದಾಟುವಾಗ ಹೆಚ್ಚೇನೂ ಕಳೆದುಕೊಳ್ಳಲಿಲ್ಲ.

ಲ್ಯಾಟಿನ್ ಅರಿಯದ, ಓದು ಬಾರದ ಜನರ ಗತಿಯೇನು? ಮಠದ 150 ಕೀರ್ತನೆಗಳಿಗೆ ಬದಲಾಗಿ ಅವರು 150 ನಮೋ ಮರಿಯ ಪ್ರಾರ್ಥನೆಗಳನ್ನು ಮಣಿ ಎಣಿಸುತ್ತ ಹೇಳಿದರು. ಜಪಸರವು ಮಾತೆ ಮರಿಯಮ್ಮನವರ ಕೀರ್ತನಗ್ರಂಥವೆನಿಸಿಕೊಂಡಿತು. 2002ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಜಪಸರಕ್ಕೆ ಬೆಳಕಿನ ರಹಸ್ಯಗಳನ್ನು ಸೇರಿಸಿದಾಗ ನಮೋ ಮರಿಯ ಪ್ರಾರ್ಥನೆಗಳ ಸಂಖ್ಯೆ 200 ಆಗಿ, ಆ ಹಳೆಯ ನೆಂಟಸ್ತಿಕೆಯ ಗುರುತು ಅಳಿಸಿತು. ಯಾರೂ ಅಷ್ಟಾಗಿ ಗಮನಿಸಿದಂತಿಲ್ಲ.

ಗುರುಗಳ ನಿತ್ಯಜಪದ ಪುಸ್ತಕವನ್ನು ಪೋಪ್ ಐದನೆಯ ಪಿಯುಸರು 1568ರಲ್ಲಿ ಏಕರೂಪಕ್ಕೆ ತಂದರಾದರೂ, ಸಂತರ ಹಬ್ಬಗಳು ಹೆಚ್ಚುತ್ತ ಹೋದಂತೆ ಹಬ್ಬಕ್ಕೆಂದು ಗೊತ್ತುಮಾಡಿದ ಕೆಲವೇ ಕೀರ್ತನೆಗಳು ಮರುಕಳಿಸಿ, ಉಳಿದವು ಮೂಲೆಪಾಲಾದುವು. 1911ರಲ್ಲಿ ಹತ್ತನೆಯ ಪಿಯುಸರು ಹಂಚಿಕೆಯನ್ನು ಬದಲಿಸಿ ವಾರದ ಆವೃತ್ತಿಯನ್ನು ಮತ್ತೆ ಸ್ಥಾಪಿಸಿದರು. ಆದರೆ ಪ್ರತಿದಿನ ಮುಂಜಾನೆ 148ರಿಂದ 150ರವರೆಗಿನ ಸ್ತುತಿಗಳನ್ನು ಹಾಡುವ ಅತಿ ಪ್ರಾಚೀನ ಪದ್ಧತಿ ಅದಕ್ಕೆ ಬಲಿಯಾಯಿತು. 1945ರ ಹೊಸ ಲ್ಯಾಟಿನ್ ಅನುವಾದವು ವಿದ್ವತ್ತಿನಲ್ಲಿ ಮಿಗಿಲಾಗಿದ್ದರೂ ಹಾಡುವ ಬಾಯಿಗೆ ಒಗ್ಗಲಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ವಾರದ ನಿಯಮವನ್ನೇ ಸಡಿಲಿಸಿತು. 1971ರ ಹೊಸ ನಿತ್ಯಜಪ ಗ್ರಂಥದಲ್ಲಿ ಕೀರ್ತನೆಗಳು ನಾಲ್ಕು ವಾರಗಳಿಗೆ ಹರಡಿಕೊಂಡುವು. ಅವಸರ ತಪ್ಪಿತು, ಒಳ್ಳೆಯದೇ. ಆದರೆ ಶಾಪವಚನಗಳಿವೆಯೆಂಬ ಕಾರಣಕ್ಕೆ 58, 83, 109ನೆಯ ಕೀರ್ತನೆಗಳನ್ನು ಪೂರ್ತಿಯಾಗಿಯೂ, ಬ್ಯಾಬಿಲೋನಿನ ಸೆರೆಯಲ್ಲಿದ್ದವರ ಅಳಲಾದ 137ರ ಕೊನೆಯ ಚರಣಗಳನ್ನೂ ಕೈಬಿಟ್ಟುದು ನನಗೆ ಸರಿತೋರದು. ಮನೆಮಠ ಕಳೆದುಕೊಂಡವನು ಸೇಡನ್ನು ತನ್ನ ಕೈಯಲ್ಲಿಟ್ಟುಕೊಳ್ಳದೆ ದೇವರಿಗೊಪ್ಪಿಸುವ ಮೊರೆಯಲ್ಲವೆ ಅದು? ಬಿಡುಗಡೆ ಕಾಣದೆ ಕತ್ತಲೆಯ ಮಾತಿನಲ್ಲಿಯೇ ಮುಗಿಯುವ 88ನೆಯ ಕೀರ್ತನೆಯನ್ನು ಶುಕ್ರವಾರದ ರಾತ್ರಿಜಪದಲ್ಲಿ ಉಳಿಸಿಕೊಂಡ ಧೈರ್ಯ ಇಲ್ಲಿಯೂ ಇರಬಹುದಾಗಿತ್ತು.

ಜನಸಾಮಾನ್ಯರಿಗೆ ಕೀರ್ತನೆಯು ಮರಳಿ ದೊರೆತುದು ಮುಖ್ಯವಾಗಿ ಬಲಿಪೂಜೆಯಲ್ಲಿ. 1950ರ ದಶಕದಲ್ಲಿ ಫ್ರಾನ್ಸಿನ ಯೇಸುಸಭೆಯ ಗುರು ಜೋಸೆಫ್ ಜೆಲಿನೋ ಹೀಬ್ರೂ ಮೂಲದ ಲಯವನ್ನನುಸರಿಸಿ ಫ್ರೆಂಚ್ ಕೀರ್ತನೆಗಳಿಗೆ ಸ್ವರ ಹೊಂದಿಸಿ, ಜನರಿಗೆಂದು ಚಿಕ್ಕ ಪಲ್ಲವಿಗಳನ್ನು ಸೇರಿಸಿದ್ದರು. 1969ರ ವಾಚನಕ್ರಮದಲ್ಲಿ ಮೊದಲನೆಯ ವಾಚನದ ತರುವಾಯ ಗಾಯಕನು ಚರಣಗಳನ್ನು ಹಾಡಿ ಸಭೆಯು ಪಲ್ಲವಿಯಿಂದ ಉತ್ತರಿಸುವ ಪದ್ಧತಿ ನೆಲೆಗೊಂಡಿತು; ದೇಶಭಾಷೆಗಳಿಗೆ ಅನುಮತಿ ದೊರೆತ ಮೇಲೆ ಕನ್ನಡ ಪೂಜೆಯಲ್ಲಿಯೂ ಇದೇ ಕ್ರಮ ನಡೆದುಬಂದಿದೆ. ಇದರ ಸ್ಥಾನದಲ್ಲಿ ಬೇರಾವ ಭಕ್ತಿಗೀತೆಯನ್ನೂ ಹಾಡಕೂಡದೆಂದು ಪೂಜಾಗ್ರಂಥದ ಸಾಮಾನ್ಯ ಸೂಚನೆಗಳು ಸ್ಪಷ್ಟವಾಗಿ ವಿಧಿಸಬೇಕಾಗಿ ಬಂದುದನ್ನು ನೋಡಿದರೆ, ಹಾಗೆ ಹಾಡುವ ಗಾಯಕವೃಂದಗಳಿಗೆ ಲೋಕದಲ್ಲಿ ಕೊರತೆಯಿಲ್ಲವೆಂದೇ ಊಹಿಸಬೇಕಾಗುತ್ತದೆ.